ಮೇಷ್ಟ್ರು, ಮೇಸ್ತ್ರಿ ಮತ್ತು ಕಾರ್ಬ್ಯುರೇಟರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ತೀರಿಹೋದ ತಂದೆಯವರ ಪ್ರೀಮಿಯರ್ ಪದ್ಮಿನಿ ಕಾರು ಊರಿನ ಮನೆಯ ಕೊಟ್ಟಿಗೆಯಲ್ಲಿ ಹತ್ತು ವರ್ಷಗಳಿಂದ ಟಾರ್ಪಾಲಿನಡಿ ಮಲಗಿತ್ತಂತೆ. ಅದನ್ನು ಎಬ್ಬಿಸಿ ಓಡಿಸಬೇಕೆಂಬುದು ಅವನ ಆಸೆ. ಎದ್ದದ್ದೇನೋ ಎದ್ದಿದೆ; ಆದರೆ ಹತ್ತು ಹನ್ನೆರಡು ಕಿಲೋಮೀಟರು ಹೋಗುವಷ್ಟರಲ್ಲಿ ಉಸಿರುಗಟ್ಟಿದಂತೆ ನಿಂತುಬಿಡುತ್ತದೆ. "ಸಾರ್, ಕಾರ್ಬ್ಯುರೇಟರ್ ಬಿಚ್ಚಿ ನೋಡುವವರೇ ಸಿಗುತ್ತಿಲ್ಲ. ಬಂದ ಹುಡುಗರೆಲ್ಲ ಲ್ಯಾಪ್‌ಟಾಪಿನ ವಯರು ಚುಚ್ಚಲು ಜಾಗ ಎಲ್ಲಿದೆ ಎಂದು ಹುಡುಕುತ್ತಾರೆ" ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ನಗು ಪೂರ್ತಿಯಾಗಿ ಬರಲಿಲ್ಲ. ಏಕೆಂದರೆ ಅವನು ವರ್ಣಿಸಿದ ರೋಗ ನನಗೆ ಬಹಳ ಹಿಂದೆ ಪರಿಚಯವಾದದ್ದು. ಅದರ ಜೊತೆಗೆ ನನ್ನದೊಂದು ಹಳೆಯ ಬಾಕಿಯೂ ಇದೆ. ಅವನಿಗೆ ಒಂದು ಪತ್ರ ಬರೆಯಲು ಕುಳಿತೆ. ಅದು ಬೆಳೆದು ಈ ಪ್ರಬಂಧವಾಯಿತು. ವಿಷಯ ಕಾರಿನದ್ದಾದರೂ ಕಾರಿಲ್ಲದವರೂ ಓದಬಹುದು.

ಮೊದಲು ಈ ಕಾರ್ಬ್ಯುರೇಟರ್ ಎಂಬ ವಸ್ತುವಿನ ವಿಚಾರ. ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ; ಉರಿಯುವುದು ಗಾಳಿಯೊಡನೆ ಬೆರೆತ ಅದರ ಆವಿ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪ್ರಮಾಣದಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿ. ಇಂಜಿನ್ನು ಮೆಲ್ಲಗೆ ಓಡಲಿ, ಜೋರಾಗಿ ಓಡಲಿ, ಘಟ್ಟ ಹತ್ತಲಿ, ಇಳಿಯಲಿ, ಈ ಹದವನ್ನು ಕಾಯ್ದುಕೊಡುವ ಪುಟ್ಟ ಅಡುಗೆಮನೆಯೇ ಕಾರ್ಬ್ಯುರೇಟರು. ಅದಕ್ಕೆ ವಿದ್ಯುತ್ತಿಲ್ಲ, ಲೆಕ್ಕ ಹಾಕುವ ಯಂತ್ರವಿಲ್ಲ. ಕೆಲವು ಹಿತ್ತಾಳೆಯ ತೂತುಗಳು, ಒಂದು ತೇಲುವ ಬುರುಡೆ, ಒಂದೆರಡು ಸ್ಪ್ರಿಂಗು, ಇಷ್ಟೇ ಅದರ ಸಂಸಾರ.

ಈ ವಸ್ತುವಿನ ಕಥೆ ಮೋಟಾರು ಕಾರಿನ ಜೊತೆಯಲ್ಲೇ ಆರಂಭವಾಗುತ್ತದೆ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದು 1886ರ ಜನವರಿ 29ರಂದು. ಅದರ ಕಾರ್ಬ್ಯುರೇಟರಿನಲ್ಲಿ ಇಂಧನದ ಮೇಲ್ಮೈಯನ್ನು ಸವರಿಕೊಂಡು ಗಾಳಿ ಹಾಯುತ್ತಿತ್ತು. ಹಾಯುವಾಗ ಆವಿಯನ್ನು ತನ್ನೊಡನೆ ಕೊಂಡೊಯ್ಯುತ್ತಿತ್ತು. ಗಾಡಿ ಸಿದ್ಧವಾದರೂ ಜನಕ್ಕೆ ಅದರ ಮೇಲೆ ನಂಬಿಕೆ ಬರಲಿಲ್ಲ. ಆಗ 1888ರ ಆಗಸ್ಟ್ ತಿಂಗಳಿನಲ್ಲಿ ಬೆಂಜ್‌ನ ಪತ್ನಿ ಬರ್ಥಾ ಒಂದು ಸಾಹಸ ಮಾಡಿದಳು. ಗಂಡನಿಗೆ ಮುಂಚಿತವಾಗಿ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮ್ ನಗರದಿಂದ ತನ್ನ ತವರೂರಾದ ಪ್ಫೋರ್ಟ್ಸ್‌ಹೈಮ್‌ಗೆ ನೂರಕ್ಕೂ ಹೆಚ್ಚು ಕಿಲೋಮೀಟರುಗಳ ದಾರಿಯನ್ನು ಆ ಗಾಡಿಯಲ್ಲೇ ಕ್ರಮಿಸಿದಳು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರಾಯಿನ್ ಎಂಬ ದ್ರಾವಕವನ್ನು ಕೊಂಡು ತುಂಬಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ತಲೆಯ ಟೋಪಿಗೆ ಸಿಕ್ಕಿಸಿದ್ದ ಪಿನ್ನನ್ನು ತೆಗೆದು ಅದರಿಂದಲೇ ಕಸವನ್ನು ಬಿಡಿಸಿದಳು. ಲೋಕದ ಮೊದಲ ದೂರ ಪ್ರಯಾಣದ ಕಾರು ಕೆಟ್ಟದ್ದು ಇಂಧನದ ದಾರಿಯಲ್ಲಿ; ಅದನ್ನು ಕಂಡುಹಿಡಿದು ಸರಿಪಡಿಸಿದವಳು ತವರಿಗೆ ಹೊರಟಿದ್ದ ಒಬ್ಬ ಗೃಹಿಣಿ. ನನ್ನ ಹೆಣ್ಣುಮಕ್ಕಳ ತರಗತಿಯಲ್ಲಿ ಈ ಕಥೆಯನ್ನು ಹೇಳದ ವರ್ಷವಿಲ್ಲ.

ಮೇಲ್ಮೈ ಕಾರ್ಬ್ಯುರೇಟರಿನಿಂದ ವೇಗದ ಇಂಜಿನ್ನಿಗೆ ಆಹಾರ ಸಾಲದು. 1893ರಲ್ಲಿ ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ ಎಂಬ ಇಬ್ಬರು ಇಂಜಿನಿಯರುಗಳೂ ಜರ್ಮನಿಯ ವಿಲ್‌ಹೆಲ್ಮ್ ಮೇಬಾಕನೂ ಬೇರೆಬೇರೆಯಾಗಿ ಒಂದೇ ಉಪಾಯಕ್ಕೆ ಬಂದರು: ಇಂಧನವನ್ನು ಸಣ್ಣ ರಂಧ್ರದ ಮೂಲಕ ಗಾಳಿಯ ಹರಿವಿಗೆ ತುಂತುರಾಗಿ ಚಿಮ್ಮಿಸುವುದು. ಇದರ ಹಿಂದಿರುವ ತತ್ತ್ವ ಅದಕ್ಕಿಂತ ಹಳೆಯದು. ಹರಿವಿನ ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆಯಾಗುತ್ತದೆ ಎಂಬುದನ್ನು ಡೇನಿಯಲ್ ಬರ್ನೌಲಿ 1738ರಲ್ಲಿ ಪ್ರಕಟಿಸಿದ್ದ. ನಡು ಕಿರಿದಾದ ಕೊಳವೆಯಲ್ಲಿ ಹರಿವು ಹೇಗೆ ವರ್ತಿಸುತ್ತದೆ ಎಂಬುದನ್ನು ಇಟಲಿಯ ವೆಂಚುರಿ 1797ರಲ್ಲಿ ವಿವರಿಸಿದ. ಆ ಕಿರಿದಾದ ನಡುವಿಗೆ ಇಂದಿಗೂ ಮೆಕ್ಯಾನಿಕ್ಕುಗಳು ವೆಂಚುರಿ ಎಂದೇ ಹೇಳುತ್ತಾರೆ. ಸೊಳ್ಳೆ, ತಿಗಣೆಗಳಿಗೆ ನಾವು ಹೊಡೆಯುತ್ತಿದ್ದ ಫ್ಲಿಟ್ ಪಂಪು ನೆನಪಿದೆಯೆ? ಅದನ್ನೇ ತರಗತಿಗೆ ತಂದು, ನೀರು ತುಂಬಿ, ಮುಂದಿನ ಬೆಂಚಿನವರ ಮುಖಕ್ಕೆ ಚಿಮ್ಮಿಸಿ ನಾನು ಬರ್ನೌಲಿಯ ಪಾಠ ಮಾಡುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ಮರೆತಿರಲಾರದು.

ಮುಂದೆ ಈ ವಸ್ತುವಿಗೆ ಹಲವು ಮನೆತನಗಳು ಹುಟ್ಟಿಕೊಂಡವು. ಇಂಗ್ಲೆಂಡಿನಲ್ಲಿ ಪಾದರಕ್ಷೆಗಳ ವ್ಯಾಪಾರಸ್ಥ ಮನೆತನಕ್ಕೆ ಸೇರಿದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಎಂಬಾತ 20ನೆಯ ಶತಮಾನದ ಆರಂಭದಲ್ಲಿ, ಗಾಳಿಯ ಸೆಳೆತಕ್ಕೆ ತಕ್ಕಂತೆ ತಾನೇ ಹಿಗ್ಗಿ ಕುಗ್ಗುವ ಕಾರ್ಬ್ಯುರೇಟರನ್ನು ರೂಪಿಸಿದ. ಅದರ ಮೊದಲ ಮಾದರಿಗಳಲ್ಲಿ ತಿದಿಯಂತಹ ಚರ್ಮದ ಚೀಲವಿತ್ತು. ಮನೆಯ ಕಸುಬು ಹೀಗೆ ಇಂಜಿನ್ನಿನೊಳಕ್ಕೂ ಬಂದಿತು. ಅದೇ ಎಸ್.ಯು. ಕಾರ್ಬ್ಯುರೇಟರು. ನಮ್ಮ ಎಷ್ಟೋ ಅಂಬಾಸಿಡರ್ ಕಾರುಗಳಲ್ಲಿ ಅದು ಇತ್ತು. ಫ್ರಾನ್ಸಿನ ಗೂದಾರ್ ಮತ್ತು ಮೆನೆಸ್ಸೊಂ ಎಂಬ ಜೋಡಿ ಕಟ್ಟಿದ್ದು ಸೋಲೆಕ್ಸ್. ನಮ್ಮ ಫಿಯೆಟ್ ಮತ್ತು ಪದ್ಮಿನಿ ಕಾರುಗಳ ಬಾನೆಟ್ಟು ಎತ್ತಿದರೆ ಹೆಚ್ಚಾಗಿ ಕಾಣುತ್ತಿದ್ದುದು ಈ ಸೋಲೆಕ್ಸ್.

ನಮ್ಮ ದೇಶದ ಕಥೆಗೆ ಬರೋಣ. ಇಲ್ಲಿ ಕನ್ನಡಿಗರು ನೆನೆಯಬೇಕಾದ ಒಂದು ಸಂಗತಿಯಿದೆ. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿಯೇ ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅದಕ್ಕಾಗಿ ಅವರು ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಂಡುಬಂದರು. ಅವರೊಡನೆ ಕೈಜೋಡಿಸಿದ ಉದ್ಯಮಿ ವಾಲಚಂದ್ ಹೀರಾಚಂದ್. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಆ ಕನಸು ತಡವಾಯಿತು. 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ವಿಮಾನ ಕಾರ್ಖಾನೆಯನ್ನು ಆರಂಭಿಸಿದ ವಾಲಚಂದರೇ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಇಟಲಿಯ ಫಿಯೆಟ್ ಕಂಪನಿಯ ಸಹಯೋಗದಿಂದ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಫಿಯೆಟ್ 1100 ಕಾರು 1970ರ ದಶಕದಲ್ಲಿ ಹೆಸರು ಬದಲಾಯಿಸಿಕೊಂಡು, ಚಿತ್ತೋಡಿನ ರಾಣಿಯ ಹೆಸರಿನಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. 1089 ಸಿ.ಸಿ. ಇಂಜಿನ್ನು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಹೊಸದು ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕೊಂಡವರು ಅದನ್ನು ಬಿಸಾಡುವ ಮಾತೇ ಇರಲಿಲ್ಲ. ಕೆಟ್ಟಷ್ಟು ಸಲವೂ ಸರಿಪಡಿಸಬೇಕು. ಬಿಡಿಭಾಗಗಳ ಅಭಾವದ ಆ ಕಾಲವೇ ನಮ್ಮ ಊರೂರಿನಲ್ಲಿ ಮೇಸ್ತ್ರಿಗಳನ್ನು ಬೆಳೆಸಿತು.

ಮೇಸ್ತ್ರಿ ಎಂಬ ಪದ ನಮಗೆ ಬಂದದ್ದು ಪೋರ್ಚುಗೀಸರ ಮೆಸ್ತ್ರಿಯಿಂದ. ಮೇಷ್ಟ್ರು ಎಂಬುದು ಇಂಗ್ಲಿಷರ ಮಾಸ್ಟರಿನಿಂದ. ಎರಡರ ಬೇರೂ ಲ್ಯಾಟಿನ್ನಿನ ಒಂದೇ ಪದದಲ್ಲಿದೆ. ಈ ಸಂಗತಿ ತಿಳಿದಾಗ ನನಗೆ ಹಾಸನದ ಬಿ.ಎಂ. ರಸ್ತೆಯ ಬದಿಯ ತಗಡಿನ ಶೆಡ್ಡೊಂದು ನೆನಪಾಗಿ ತಲೆ ತಗ್ಗಿಸುವಂತಾಯಿತು.

1986ರಲ್ಲಿ ನಾನು ಹನ್ನೊಂದು ವರ್ಷ ಹಳೆಯದಾದ ಪದ್ಮಿನಿ ಕಾರೊಂದನ್ನು ಕೊಂಡೆ. ಅದರ ಪಾಲನೆಯೆಲ್ಲ ಆ ಶೆಡ್ಡಿನ ಮೇಸ್ತ್ರಿಯವರದು. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ಶಾಲೆಯ ಮುಖ ಕಂಡದ್ದು ನಾಲ್ಕನೆಯ ತರಗತಿಯವರೆಗೆ. ಅವರ ರೋಗನಿದಾನಕ್ಕೆ ಒಂದು ಕ್ರಮವಿತ್ತು. "ಮೊದಲು ಬೆಂಕಿ, ಆಮೇಲೆ ಎಣ್ಣೆ, ಕೊನೆಗೆ ಗಾಳಿ ಮೇಷ್ಟ್ರೇ. ಈ ಮೂರು ಬಿಟ್ಟು ನಾಲ್ಕನೇದಿಲ್ಲ" ಎನ್ನುತ್ತಿದ್ದರು. ಕಾರು ನಿಂತರೆ ಮೊದಲು ಪ್ಲಗ್ಗನ್ನು ಬಿಚ್ಚಿ ಇಂಜಿನ್ನಿನ ಮೈಗೆ ತಾಗಿಸಿ ಕಿಡಿ ಬರುತ್ತದೆಯೇ ನೋಡಬೇಕು. ಕಾರ್ಬ್ಯುರೇಟರಿನ ಮೇಲೆ ಹೊರಿಸುವ ಅಪರಾಧಗಳಲ್ಲಿ ಅರ್ಧಕ್ಕರ್ಧ ಪಾಯಿಂಟು, ಕಂಡೆನ್ಸರುಗಳದ್ದು ಎಂಬುದು ಅವರ ಅನುಭವ. ಬಿಸಿಯಾದಾಗ ಕೈಕೊಡುವ ಕಂಡೆನ್ಸರು ಪೆಟ್ರೋಲು ಬಾರದ ರೋಗದಂತೆಯೇ ನಟಿಸುತ್ತದೆ.

ಪ್ಲಗ್ಗಿನ ಬಣ್ಣವನ್ನು ಅವರು ವೈದ್ಯರು ನಾಲಿಗೆ ನೋಡುವಂತೆ ನೋಡುತ್ತಿದ್ದರು. ಬಿಸ್ಕತ್ತಿನ ಬಣ್ಣವಿದ್ದರೆ ಆರೋಗ್ಯ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು. ಕಪ್ಪು ಹೊಗೆ, ಪೆಟ್ರೋಲಿನ ಘಾಟು, ಮೈಲೇಜು ಕುಸಿತ ಇವು ಸೇರಿದರೆ ಫ್ಲೋಟಿನ ಕಡೆ ಕಣ್ಣು ಹೋಗಬೇಕು. ಕಾರ್ಬ್ಯುರೇಟರಿನ ಪುಟ್ಟ ತೊಟ್ಟಿಯಲ್ಲಿ ಪೆಟ್ರೋಲು ಒಂದು ಮಟ್ಟಕ್ಕೆ ಬಂದೊಡನೆ ಫ್ಲೋಟು ತೇಲಿ ಸೂಜಿಯಂತಹ ವಾಲ್ವನ್ನು ಮುಚ್ಚುತ್ತದೆ. ನಮ್ಮ ಮನೆಯ ನೀರಿನ ತೊಟ್ಟಿಯ ಬಾಲ್ ವಾಲ್ವಿನ ಹಾಗೆ. ಹಿತ್ತಾಳೆಯ ಫ್ಲೋಟು ತೂತಾದರೆ ಪೆಟ್ರೋಲು ಕುಡಿದು ಮುಳುಗುತ್ತದೆ, ವಾಲ್ವು ಮುಚ್ಚುವುದಿಲ್ಲ. ಮೇಸ್ತ್ರಿ ಅದನ್ನು ಕಿವಿಯ ಬಳಿ ಅಲ್ಲಾಡಿಸುವರು. ಒಳಗೆ ದ್ರವದ ಸದ್ದು ಬಂದರೆ ಬಿಸಿನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗವನ್ನು ಗುರುತಿಸಿ ಬೆಸುಗೆ ಹಾಕುವರು. ಬೆಸುಗೆ ಜಾಸ್ತಿಯಾದರೆ ಫ್ಲೋಟಿನ ತೂಕ ಹೆಚ್ಚಿ ಮಟ್ಟವೇ ತಪ್ಪುತ್ತದೆಂದು ಅಳೆದಂತೆ ಹಾಕುವರು. ಆರ್ಕಿಮಿಡೀಸನ ಹೆಸರನ್ನು ಅವರು ಕೇಳಿರಲಿಲ್ಲ.

ಆಕ್ಸಿಲರೇಟರ್ ಒತ್ತಿದೊಡನೆ ಕಾರು ಮುಗ್ಗರಿಸಿ ಆಮೇಲೆ ಓಡಿದರೆ, ಆ ಕ್ಷಣಕ್ಕೆ ಒಂದು ಗುಟುಕು ಹೆಚ್ಚು ಪೆಟ್ರೋಲು ಚಿಮ್ಮಿಸುವ ಪಂಪಿನ ಡಯಾಫ್ರಮ್ ಹರಿದಿರಬೇಕು. ಚೆನ್ನಾಗಿ ಓಡಿ, ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಆಫ್ ಆದರೆ ಸ್ಲೋ ಜೆಟ್ಟಿನಲ್ಲಿ ಕಸ. ಸ್ಕ್ರೂ ಎಷ್ಟು ತಿರುಗಿಸಿದರೂ ಸ್ಲೋ ಸ್ಪೀಡು ನಿಲ್ಲದಿದ್ದರೆ ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲಿ ಕಳ್ಳಗಾಳಿ. ಸೋಪಿನ ನೀರನ್ನು ಅಲ್ಲಿ ಸವರಿದಾಗ ಇಂಜಿನ್ನಿನ ದನಿ ಬದಲಾದರೆ ಕಳ್ಳ ಸಿಕ್ಕಿದಂತೆ. ಬೇಸಿಗೆಯಲ್ಲಿ ಘಟ್ಟ ಹತ್ತುವಾಗ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಪಂಪು ಬರಿಗಾಳಿಯನ್ನು ಜಗಿಯುತ್ತದೆ. ಅದಕ್ಕೆ ಒದ್ದೆ ಬಟ್ಟೆಯೇ ಮದ್ದು. ಶಿರಾಡಿ ಘಟ್ಟದಲ್ಲಿ ಬಾನೆಟ್ಟು ತೆರೆದು, ಪಂಪಿಗೆ ಒದ್ದೆ ಟವೆಲು ಸುತ್ತಿ, ರಸ್ತೆಬದಿಯ ಕಲ್ಲಿನ ಮೇಲೆ ಕುಳಿತ ಸಂಸಾರಗಳನ್ನು ನನ್ನ ವಯಸ್ಸಿನವರೆಲ್ಲರೂ ಕಂಡಿದ್ದಾರೆ. ಇನ್ನು ಜೆಟ್ಟಿನ ತೂತಿಗೆ ತಂತಿ ತೂರಿಸುವುದನ್ನು ಅವರು ಎಂದೂ ಒಪ್ಪುತ್ತಿರಲಿಲ್ಲ. ಮೆತ್ತನೆಯ ಹಿತ್ತಾಳೆ ಸವೆದು ತೂತು ಕೂದಲೆಳೆಯಷ್ಟು ದೊಡ್ಡದಾದರೂ ಹದ ಕೆಡುತ್ತದೆ. ಬಾಯಿಂದ ಊದಿಯೋ ಗಾಳಿ ಹಿಡಿದೋ ಬಿಡಿಸಬೇಕು. ಬರ್ಥಾ ಬೆಂಜಳ ಪಿನ್ನಿನ ಕಥೆಯನ್ನು ಹೇಳಿದಾಗ ಅವರು ತಲೆದೂಗಿ, "ಪೈಪಿಗೆ ಪಿನ್ನು ಹಾಕಿದ್ರೆ ಪರವಾಗಿಲ್ಲ, ಜೆಟ್ಟಿಗೆ ಹಾಕಿದ್ರೆ ಆಯಮ್ಮನ್ನೂ ಬೈತಿದ್ದೆ" ಎಂದಿದ್ದರು.

ಈಗ ನನ್ನ ಬಾಕಿಯ ವಿಷಯ. 1991ರ ಮೇ ತಿಂಗಳು. ಮಂಗಳೂರಿನಲ್ಲಿ ನನ್ನ ಅಕ್ಕನ ಮಗಳ ಮದುವೆ. ಮುಹೂರ್ತ 11 ಗಂಟೆ 20 ನಿಮಿಷಕ್ಕೆ. ಸೋದರಮಾವನಾದ ನಾನು ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾಗಿತ್ತು. ಹಿಂದಿನ ವಾರವೇ ಮೇಸ್ತ್ರಿಯವರಲ್ಲಿ ಕಾರ್ಬ್ಯುರೇಟರನ್ನು ಪೂರ್ತಿ ಬಿಚ್ಚಿಸಿ ಸರ್ವಿಸ್ ಮಾಡಿಸಿದ್ದೆ. ಬೆಳಗಿನ 5 ಗಂಟೆಗೆ ಟ್ಯಾಂಕು ತುಂಬಿದ್ದ ಕಾರಿನಲ್ಲಿ ಹೆಂಡತಿ, ಮಕ್ಕಳು, ತಾಯಿಯವರೊಡನೆ ಹೊರಟೆವು. ಆಲೂರು ದಾಟಿದ ಕೂಡಲೆ ಕಾರು ಕೆಮ್ಮಿ ನಿಂತಿತು. ಬಾನೆಟ್ಟು ತೆಗೆದೆ, ಪಂಪಿಗೆ ನೀರು ಸುರಿದೆ, ಕಾರ್ಬ್ಯುರೇಟರಿನ ಮುಚ್ಚಳ ಬಿಚ್ಚಿದೆ, ತೊಟ್ಟಿ ಒಣಗಿತ್ತು. ಮುಕ್ಕಾಲು ಗಂಟೆಯ ಬಳಿಕ ಏನೂ ಆಗದಂತೆ ಹೊರಟಿತು. ಸಕಲೇಶಪುರ ಇನ್ನೂ ಮುಂದಿರುವಂತೆಯೇ ಮತ್ತೆ ನಿಂತಿತು. ಘಟ್ಟದ ನಡುವೆ ಮತ್ತೊಮ್ಮೆ. ನೆಲ್ಯಾಡಿಯ ಆಸುಪಾಸಿನಲ್ಲಿ ನಾಲ್ಕನೆಯ ಸಲ. ಮಂಗಳೂರಿನ ಛತ್ರವನ್ನು ತಲುಪುವಾಗ ಮೊದಲ ಪಂಕ್ತಿಯ ಎಲೆ ಎತ್ತುತ್ತಿದ್ದರು. ನನ್ನ ಜಾಗದಲ್ಲಿ ದೊಡ್ಡಪ್ಪನ ಮಗ ನಿಂತು ಶಾಸ್ತ್ರ ಮುಗಿಸಿದ್ದ. ಅಕ್ಕ ಏನೂ ಅನ್ನಲಿಲ್ಲ. ಅನ್ನದಿದ್ದುದೇ ನನಗೆ ಹೆಚ್ಚು ನೋವಾಯಿತು. ಇದನ್ನು ಓದುತ್ತಿರುವ ಬಂಧುಗಳಿಗೆ ಆ ದಿನ ನೆನಪಿದ್ದೀತು. ಕಾರಣ ಮಾತ್ರ ಇಂದಿನವರೆಗೆ ಅವರಿಗೆ ತಿಳಿದಿಲ್ಲ.

ಹಾಸನಕ್ಕೆ ಮರಳಿದ ಮಾರನೆಯ ಬೆಳಿಗ್ಗೆ ನೇರವಾಗಿ ಶೆಡ್ಡಿಗೆ ಹೋದೆ. ಅಲ್ಲಿ ಕೆಲಸ ಕಲಿಯುತ್ತಿದ್ದ ಮೂವರು ಹುಡುಗರಿದ್ದರು. ಅವರಲ್ಲಿ ಒಬ್ಬ ಎಂಟನೆಯ ತರಗತಿಯವರೆಗೆ ನನ್ನ ಬಳಿಯೇ ಓದಿದವನು. ಇಬ್ಬರು ಗಿರಾಕಿಗಳೂ ಇದ್ದರು. ಐದು ವರ್ಷಗಳಿಂದ "ನೀವು" ಎಂದು ಕರೆಯುತ್ತಿದ್ದ ಹಿರಿಯರನ್ನು ಅವರೆಲ್ಲರ ಎದುರಿಗೆ "ನೀನು" ಎಂದೆ. "ನನ್ನ ಕಾರಿನ ಅಸಲಿ ಜೆಟ್ಟು ತೆಗೆದು ನಕಲಿ ಹಾಕಿದ್ದೀಯ. ಎಷ್ಟಕ್ಕೆ ಮಾರಿದೆ?" ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಕೈಯನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿಕೊಂಡು, "ಎಲ್ಲೆಲ್ಲಿ ನಿಲ್ತು ಮೇಷ್ಟ್ರೇ?" ಎಂದು ಮಾತ್ರ ಕೇಳಿದರು.

ಲೆಕ್ಕ ಬರೆದಿಡುವುದು ನನ್ನ ಅಭ್ಯಾಸ. ಕಾರಿನಲ್ಲಿ ಸದಾ ಇರುತ್ತಿದ್ದ ನೋಟ್‌ಪುಸ್ತಕ ತೆಗೆದು ಓದಿದೆ: ಮೊದಲು 14 ಕಿಲೋಮೀಟರಿಗೆ, ಅಲ್ಲಿಂದ 19ಕ್ಕೆ, ಬಳಿಕ 27ಕ್ಕೆ, ಕೊನೆಯದು 38ಕ್ಕೆ. "ಟ್ಯಾಂಕು ಖಾಲಿಯಾಗ್ತಾ ಆಗ್ತಾ ಜಾಸ್ತಿ ದೂರ ಓಡ್ತಾ ಇದೆಯಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನ ಕೈಯಲ್ಲಿ ಪೆಟ್ರೋಲು ತರಿಸಿ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದರು. ನನ್ನನ್ನೂ ಆ ಹುಡುಗನನ್ನೂ ಕೂರಿಸಿಕೊಂಡು ಅರಸೀಕೆರೆ ರಸ್ತೆಯಲ್ಲಿ ಕಾರು ಬಿಟ್ಟರು. ಹದಿಮೂರನೆಯ ಕಿಲೋಮೀಟರಿಗೆ ಕಾರು ನಿಂತಿತು. ಅವರು ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಕ್ಕೆ ನಡೆದು ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದರು. ಉಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು, ಅದರ ಹಿಂದೆಯೇ ತಗಡು ಡಬ್ಬೆಂದು ನೆಟ್ಟಗಾದ ಸದ್ದು. ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಹುಡುಗನಿಗೆ ಸ್ಟಾರ್ಟ್ ಮಾಡಲು ಹೇಳಿದರು. ಪಂಪು ನಾಲ್ಕು ಸುತ್ತು ಎಳೆಯಿತು, ಕಾರು ಹೊರಟಿತು.

ನಡೆದದ್ದಿಷ್ಟು. ನನ್ನ ಕಾರಿನ ಟ್ಯಾಂಕನ್ನು ಹಿಂದಿನ ಮಾಲೀಕರು ಸ್ಥಳೀಯವಾಗಿ ಕಟ್ಟಿಸಿದ್ದರು. ಅದಕ್ಕೆ ಗಾಳಿ ಹೋಗುವ ದಾರಿ ಮುಚ್ಚಳದ ಸಣ್ಣ ತೂತೊಂದೇ. ಮದುವೆಗೆ ನಾಲ್ಕು ದಿನ ಮೊದಲು ಬಂಕಿನಲ್ಲಿ ಮುಚ್ಚಳವನ್ನು ಮರೆತುಬಂದವನು ನಾನು. ಅಂಗಡಿಯಿಂದ ಹೊಸ ಮುಚ್ಚಳ ತಂದು ಬಿಗಿದವನೂ ನಾನು. "ಮುಚ್ಚಳ, ರೂ. 18" ಎಂದು ನನ್ನ ಅಕ್ಷರದಲ್ಲಿಯೇ ಆ ಪುಸ್ತಕದಲ್ಲಿ ಬರೆದಿತ್ತು. ಆ ಮುಚ್ಚಳಕ್ಕೆ ತೂತಿರಲಿಲ್ಲ. ಪೆಟ್ರೋಲು ಹೊರಗೆ ಹೋದಂತೆ ಅದರ ಜಾಗಕ್ಕೆ ಗಾಳಿ ಬರದೆ ಒಳಗಿನ ಒತ್ತಡ ಇಳಿಯಿತು; ಪಂಪಿಗೆ ಎಳೆಯಲಾಗಲಿಲ್ಲ. ಟ್ಯಾಂಕು ತುಂಬಿದ್ದಾಗ ಒಳಗಿನ ಗಾಳಿಯ ಜಾಗ ಕಿರಿದು, ಆದುದರಿಂದ ಬೇಗ ನಿಲ್ಲುತ್ತದೆ. ಖಾಲಿಯಾದಷ್ಟೂ ದೂರ ಓಡುತ್ತದೆ. ನಾನು ಮುಕ್ಕಾಲು ಗಂಟೆ ಕಾರ್ಬ್ಯುರೇಟರನ್ನು ಕೆದಕುತ್ತಿದ್ದಾಗ ಸಂದಿಯಿಂದ ಗಾಳಿ ಮೆಲ್ಲಗೆ ಒಳಸೇರುತ್ತಿತ್ತು; ನನ್ನ ರಿಪೇರಿಯಿಂದ ಗುಣವಾಯಿತೆಂದು ನಾನು ಭ್ರಮಿಸಿದೆ. ಇದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ. ಪ್ರತಿವರ್ಷ ನಾನೇ ಪಾಠ ಮಾಡುತ್ತಿದ್ದ ನಿಯಮ. ಮೇಸ್ತ್ರಿ ಅದನ್ನು ಹೇಳಿದ್ದು ಹೀಗೆ: "ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀಲಿಲ್ಲ ಅಂದ್ರೆ ಎಣ್ಣೆ ಬರುತ್ತಾ ಮೇಷ್ಟ್ರೇ?" ಆ ಡಬ್ಬದ ಉದಾಹರಣೆ ನನ್ನ ಪಾಠದ ಟಿಪ್ಪಣಿಯಲ್ಲಿಯೂ ಇತ್ತು.

ಮುಚ್ಚಳಕ್ಕೆ ಸಣ್ಣದೊಂದು ತೂತು ಕೊರೆದುಕೊಟ್ಟರು. ಹಣ ಕೊಡಲು ಹೋದರೆ, "ತೂತು ಹೊಡೆದಿದ್ದಕ್ಕೆ ಎಂಥ ಕೂಲಿ" ಎಂದು ಕೈ ಆಡಿಸಿಬಿಟ್ಟರು. ಒಂದು ವಾರದ ಬಳಿಕ ಸಂಜೆಯ ಹೊತ್ತು, ಹುಡುಗರೆಲ್ಲ ಮನೆಗೆ ಹೋದ ಮೇಲೆ, ಶೆಡ್ಡಿಗೆ ಹೋಗಿ ಕ್ಷಮೆ ಕೇಳಿದೆ. "ಬಿಡಿ ಮೇಷ್ಟ್ರೇ, ಮದುವೆಮನೆ ಬಿಸಿ" ಎಂದರು. ಅವರು ಅದನ್ನು ಮರೆತಿರಲೂಬಹುದು. ಆದರೆ ಕಳ್ಳನೆಂದದ್ದು ಐದು ಜನರ ಎದುರಿಗೆ, ಕ್ಷಮೆ ಕೇಳಿದ್ದು ಯಾರೂ ಇಲ್ಲದಾಗ. ಈ ವ್ಯತ್ಯಾಸ ನನಗೆ ಆಗಲೇ ತಿಳಿದಿತ್ತು. ತಿಳಿದೇ ಆ ಸಮಯವನ್ನು ಆರಿಸಿಕೊಂಡಿದ್ದೆ.

ಅನಂತರದ ವರ್ಷಗಳಲ್ಲಿ ಅವರ ವಿದ್ಯೆಗೆ ಬೇಡಿಕೆ ಇಳಿಯುತ್ತ ಬಂದಿತು. ಇಂಜಿನ್ನಿನ ಬಡಿತ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯವನ್ನು ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಹಿಡಿದಿದ್ದ. ಆ ಸೀಸ ಮಕ್ಕಳ ರಕ್ತಕ್ಕೂ ಸೇರುತ್ತದೆಂದು ತಿಳಿದ ಮೇಲೆ ಲೋಕ ಎಚ್ಚೆತ್ತಿತು. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲು ಬಂದಿತು. 2000ದ ಫೆಬ್ರವರಿಯಿಂದ ದೇಶವಿಡೀ ಅದೇ ಆಯಿತು. ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ 14.7ರ ಹದ ಕ್ಷಣಕ್ಷಣವೂ ತಪ್ಪದೆ ಬೇಕು. ಅಷ್ಟು ನಿಖರತೆ ಹಿತ್ತಾಳೆಯ ತೂತುಗಳಿಗೆ ಸಾಧ್ಯವಿಲ್ಲ. ಹಾಗಾಗಿ ಆಮ್ಲಜನಕವನ್ನು ಅಳೆಯುವ ಸೆನ್ಸರು, ಲೆಕ್ಕ ಹಾಕುವ ಕಂಪ್ಯೂಟರು, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳು ಬಂದವು. ಕಾರುಗಳು ಮೊದಲು ಬದಲಾದವು. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಜಾರಿಯಾದಾಗ ಹೊಸ ಬೈಕು, ಸ್ಕೂಟರುಗಳಲ್ಲಿಯೂ ಬಹುತೇಕ ಕಾರ್ಬ್ಯುರೇಟರು ಕಣ್ಮರೆಯಾಯಿತು. ಇದಕ್ಕಾಗಿ ನಾನು ಕಣ್ಣೀರು ಹಾಕಲಾರೆ. ನಾವು ಉಸಿರಾಡುವ ಗಾಳಿಗೆ ಅದು ಒಳ್ಳೆಯದೇ ಆಯಿತು.

ಇನ್ನೊಂದು ಹಳೆಯ ರೋಗವೂ ಇತ್ತು: ಕಲಬೆರಕೆ. ಪಡಿತರದ ಸೀಮೆಎಣ್ಣೆಯ ಬೆಲೆಗೂ ಪೆಟ್ರೋಲಿನ ಬೆಲೆಗೂ ಅಜಗಜಾಂತರವಿದ್ದ ಕಾಲದಲ್ಲಿ ಬೆರಸುವ ಆಸೆಗೆ ಕಡಿವಾಣವಿರಲಿಲ್ಲ. ಮೇಸ್ತ್ರಿ ಪೆಟ್ರೋಲಿನ ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟು ಕಾಯುತ್ತಿದ್ದರು. ಒಳ್ಳೆಯ ಪೆಟ್ರೋಲು ಆರಿಹೋಗುತ್ತದೆ, ಸೀಮೆಎಣ್ಣೆ ಜಿಡ್ಡು ಉಳಿಸುತ್ತದೆ. ಇದೇ ಕೆಲಸವನ್ನು ಅಧಿಕಾರದಿಂದ ಮಾಡಹೊರಟ ನಮ್ಮ ನಾಡಿನ ಯುವಕನೊಬ್ಬ ಪ್ರಾಣವನ್ನೇ ತೆತ್ತ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದ, ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿಯಾಗಿದ್ದ ಮಂಜುನಾಥ್ ಷಣ್ಮುಗಂ, ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆಯ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ಆಗ ಅವರಿಗೆ 27 ವರ್ಷ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮೇಸ್ತ್ರಿಯವರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ನಿಜವಾದ ಕಳ್ಳತನ ಯಾವುದು, ನಾನು ಅಂದು ಯಾರನ್ನು ಕಳ್ಳನೆಂದೆ ಎಂಬುದು ಮನಸ್ಸಿನಲ್ಲಿ ಹಾದುಹೋಯಿತು.

ಮೇಸ್ತ್ರಿಯವರು 2009ರಲ್ಲಿ ತೀರಿಕೊಂಡರು. ಶೆಡ್ಡಿದ್ದ ಜಾಗದಲ್ಲಿ ಈಗ ಅಂಗಡಿ ಸಾಲು ಎದ್ದಿದೆ. ನನ್ನ ಕಾರನ್ನು ಅದಕ್ಕೂ ಮುಂಚೆ ಮಾರಿದ್ದೆ. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ಬೀದಿಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ನಿವೃತ್ತಿಯಾದ ಸುದ್ದಿ ಬಂದಾಗ ಅವರು ಇರಬೇಕಾಗಿತ್ತು ಅನ್ನಿಸಿತು.

ಇನ್ನು, ದೂರವಾಣಿ ಮಾಡಿದ ನನ್ನ ವಿದ್ಯಾರ್ಥಿಗೆ ಎರಡು ಮಾತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಶೇಕಡಾ 20ರ ಮಿಶ್ರಣವನ್ನು 2023ರ ಫೆಬ್ರವರಿಯಲ್ಲಿ ನಿಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. ಎಥನಾಲು ಹಳೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಟ್ಯಾಂಕಿನ ತಳದ ಹಳೆಯ ಕಿಟ್ಟವನ್ನು ಸಡಿಲಿಸಿ ಫಿಲ್ಟರಿಗೆ ತರುತ್ತದೆ. ಅದು ಉರಿಯಲು ಪೆಟ್ರೋಲಿನಷ್ಟು ಗಾಳಿ ಬೇಡ. ಆದುದರಿಂದ ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ತೆಳುವಾಗುತ್ತದೆ. ಹತ್ತು ವರ್ಷ ಮಲಗಿದ್ದ ಕಾರಿನ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಫಿಲ್ಟರು ಇವನ್ನು ಹೊಸತಾಗಿ ಹಾಕಿಸು. ಟ್ಯಾಂಕನ್ನು ಇಳಿಸಿ ತೊಳೆಸು. ಬೆಂಕಿ, ಎಣ್ಣೆ, ಗಾಳಿ ಎಂಬ ಕ್ರಮವನ್ನು ಬಿಡಬೇಡ. ಆದರೆ ಇದೆಲ್ಲಕ್ಕೂ ಮೊದಲು, ಕಾರು ನಿಂತಾಗ ಒಮ್ಮೆ ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿ ಕಿವಿಗೊಡು. ನೀನು ಎಲ್ಲೆಲ್ಲಿ ನಿಂತೆ ಎಂಬುದನ್ನು ಬರೆದಿಡು, ಬರೆದದ್ದನ್ನು ಓದು.

ಆ ದಿನ ಶೆಡ್ಡಿನಲ್ಲಿದ್ದ ನನ್ನ ಶಿಷ್ಯ ಈಗ ಮೈಸೂರಿನಲ್ಲಿ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದಾನೆ. ನನ್ನ ಬರಹಗಳನ್ನು ಅವನ ಮಗಳು ಅವನಿಗೆ ಓದಿಹೇಳುತ್ತಾಳಂತೆ. ಅಪ್ಪಾ, ನಿನ್ನ ಎದುರಿಗೆ, ನಿನ್ನ ಗುರುವನ್ನು ನಾನು ಕಳ್ಳನೆಂದಿದ್ದೆ. ಅವರು ಒಂದು ಜೆಟ್ಟನ್ನೂ ತೆಗೆದಿರಲಿಲ್ಲ. ತಪ್ಪು ನನ್ನದು. ಈಗ ಎಲ್ಲರ ಎದುರಿಗೆ ಹೇಳಿದ್ದೇನೆ. ಅವರ ಮನೆಯವರು ನಿನಗೆ ಸಿಕ್ಕರೆ ಇದನ್ನು ತಿಳಿಸು.